ಮೂವತ್ತೈದೂವರೆ

ಚಿಕ್ಕಗೌರಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು. ಬಸ್ಸಿನ ನಂಬರು, ಮೊಬೈಲಿನ ನಂಬರು, ಮೂರು ವರ್ಷದಿಂದ ಈಚೆಗೆ ಡಯಾಲಿಸಿಸ್ ಮಿಷಿನ್ನಿನ ನಂಬರು. ಆರನೇ ಬೆಡ್ಡಿನ ಮೇಲೆ ಮಲಗಿ ಎಡಕ್ಕೆ ಕತ್ತು ಹೊರಳಿಸಿದರೆ ಮಿಷಿನ್ನಿನ ಮುಖ ಕಾಣುತ್ತಿತ್ತು. ಅದರ ಮೂಲೆಯಲ್ಲಿ ಸಣ್ಣದೊಂದು ಅಂಕಿ. ಮೈಯಿಂದ ಹೊರಬಂದ ರಕ್ತವನ್ನು ತೊಳೆಯುವ ನೀರು ಎಷ್ಟು ಬಿಸಿ ಇದೆ ಎಂದು ಹೇಳುವ ಅಂಕಿ. ಅದು ಮೂವತ್ತೈದೂವರೆ ಇದ್ದ ದಿನ ಅವಳು ತನ್ನ ಕಾಲ ಮೇಲೆ ತಾನೇ ಮನೆಗೆ ಹೋಗುತ್ತಿದ್ದಳು. ಮೂವತ್ತೇಳು ಇದ್ದ ದಿನ ಯಾರಾದರೂ ರಟ್ಟೆ ಹಿಡಿದು ಬಸ್ಸು ಹತ್ತಿಸಬೇಕಿತ್ತು.

ಆ ಶುಕ್ರವಾರ ಬೆಳಿಗ್ಗೆ ಅದು ಮೂವತ್ತೇಳು ಇತ್ತು.

"ಅನಿತಮ್ಮಾ, ನಂಬರು ನೋಡವ್ವ. ಏಳು ಐತೆ."

ಅನಿತಾ ಸೂಜಿ ಚುಚ್ಚುವ ಹುಡುಗಿ. ಮಿಷಿನ್ನುಗಳನ್ನು ನೋಡಿಕೊಳ್ಳುವವಳೂ ಅವಳೇ. ಚಿಕ್ಕಗೌರಮ್ಮನ ಎಡಗೈಯ ಉಬ್ಬಿದ ನರಕ್ಕೆ ಎರಡನೇ ಸೂಜಿ ಇಳಿಸಿ, ಪ್ಲಾಸ್ಟರು ಅಂಟಿಸಿ, ತಲೆ ಎತ್ತದೆ ಹೇಳಿದಳು.

"ಗೊತ್ತು ಅಕ್ಕ. ಎಲ್ಲಾ ಮಿಷಿನ್ನೂ ಏಳೇ ಇರಬೇಕು ಅಂತ ಸಾರ್ ಹೇಳವ್ರೆ. ನಾನು ಮುಟ್ಟಂಗಿಲ್ಲ."

"ಡಾಕ್ಟ್ರಮ್ಮ ಐದೂವರೆ ಅಂತ ಬರೆದವ್ರಲ್ಲ ಫೈಲ್‌ನಾಗೆ?"

"ಬರೆದವ್ರೆ."

ಅಷ್ಟು ಹೇಳಿ ಅನಿತಾ ಮುಂದಿನ ಬೆಡ್ಡಿಗೆ ಹೋದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಈ ಸೆಂಟರಿನಲ್ಲಿ ಪೂಜಾರಿ ಜ್ಞಾನೇಶ. ಟ್ರಸ್ಟಿನವರು ಇಟ್ಟ ಮ್ಯಾನೇಜರು. ಅವನಿಗೆ ರೋಗವೂ ಗೊತ್ತಿಲ್ಲ, ಮದ್ದೂ ಗೊತ್ತಿಲ್ಲ. ಕಂಬಳಿ ಗೊತ್ತು. ಮಿಷಿನ್ನು ತಣ್ಣಗಿಟ್ಟರೆ ಕೆಲವರಿಗೆ ಚಳಿ ಹತ್ತುತ್ತದೆ, ಚಳಿ ಹತ್ತಿದರೆ ಕಂಬಳಿ ಕೇಳುತ್ತಾರೆ, ಕಂಬಳಿ ಕೊಟ್ಟರೆ ಒಗೆಸಬೇಕು. ಕಾಲೋನಿಯವರು, ಹಟ್ಟಿಯವರು, ಗುಡಿಸಲಿನವರು ಹೊದ್ದ ಕಂಬಳಿಯನ್ನು ಒಗೆಯಲು ಲಾಂಡ್ರಿಯವನು ಮೂಗು ಮುರಿದನಂತೆ. ಅದಕ್ಕೇ ಎಲ್ಲ ಮಿಷಿನ್ನೂ ಮೂವತ್ತೇಳು. ಒಂದು ಹೆಣ್ಣಾಳಿನ ಪ್ರಾಣ ಒಂದು ಕಂಬಳಿಯ ಮೈಲಿಗೆಗೆ ಸಮ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಬಟನ್ ಒತ್ತಿ ಹೇಳಿದರು.

ಸೆಂಟರಿಗೆ ಎರಡು ಹಾಲು, ಅಂದರೆ ಎರಡು ದೊಡ್ಡ ಕೋಣೆ. ಮುಂದಿನದು ದುಡ್ಡು ಕೊಡುವವರಿಗೆ. ಅಲ್ಲಿ ಎಸಿ, ಟೀವಿ, ಕಂಬಳಿ ಎಲ್ಲ ಇತ್ತು. ಹಿಂದಿನದು ಕಾರ್ಡಿನವರಿಗೆ. ಆರು ಬೆಡ್ಡು, ಮೇಲೆ ತಗಡು, ಎರಡು ಫ್ಯಾನು. ಅದರಲ್ಲಿ ಒಂದು ತಿರುಗುವುದು ಅದರ ಇಷ್ಟ. ಏಪ್ರಿಲ್ ತಿಂಗಳು. ತೆಂಗಿನ ತೋಟದ ಸೀಮೆಯಾದರೂ ಸೂರ್ಯನೇನು ತೋಟ ನೋಡಿ ಉರಿಯುವುದಿಲ್ಲ. ಹತ್ತು ಗಂಟೆಗೇ ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು.

ಚಿಕ್ಕಗೌರಮ್ಮನಿಗೆ ಕಾದ ಸೂರು ಹೊಸದಲ್ಲ. ಇಪ್ಪತ್ತೆರಡು ವರ್ಷ ಅವಳು ಬಸವರಾಜಪ್ಪನವರ ಕೊಬ್ಬರಿ ಮನೆಯಲ್ಲಿ ಚಿಪ್ಪು ಬಿಡಿಸಿದವಳು. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಗಂಡಾಳುಗಳು ಹಿತ್ತಲಲ್ಲಿ ಸುಲಿದು ಕೊಡುತ್ತಿದ್ದರು. ಹೆಣ್ಣಾಳುಗಳು ಒಳಗೆ ಕುಕ್ಕರಗಾಲಲ್ಲಿ ಕೂತು ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ಹೊಡೆಯಬೇಕು. ಚಿಪ್ಪು ಚೂರಾಗಬೇಕು, ಒಳಗಿನ ಉಂಡೆ ಕೊಬ್ಬರಿಗೆ ಗೀರೂ ಬೀಳಬಾರದು. ಉಂಡೆ ಒಡೆದರೆ ಬೈಗುಳ. ಬಾಗಿಲು ಕಿಟಕಿ ತೆಗೆಯುವಂತಿಲ್ಲ. ತೇವದ ಗಾಳಿ ತಾಗಿದರೆ ಕೊಬ್ಬರಿ ಬೂಷ್ಟು ಹಿಡಿಯುತ್ತದೆ ಎಂದು ಯಜಮಾನರ ಭಯ. ಒಳಗೆ ಹನ್ನೊಂದು ಹೆಂಗಸರು ಬೆಂದರೆ ಯಾರಿಗೂ ಭಯವಿಲ್ಲ. ಹೆಂಗಸರಿಗೇನು ಬೂಷ್ಟು ಹಿಡಿಯುತ್ತದೆಯೆ?

ನೀರಿನ ವಿಷಯಕ್ಕೆ ಬಂದರೆ ಅಲ್ಲೊಂದು ಪದ್ಧತಿ ಇತ್ತು. ಅಂಗಳದಲ್ಲಿ ಬೋರ್‌ವೆಲ್ಲಿನ ನಲ್ಲಿ ಇತ್ತು. ಕಾಲೋನಿ ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಹಗಲಿಗೆ ಎರಡು ಸಲ ಯಜಮಾನರ ತಾಯಿ ಸಿದ್ದಗಂಗಮ್ಮ ಚೊಂಬು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಇವರು ಸಾಲಾಗಿ ಕೂತು ಬೊಗಸೆ ಒಡ್ಡಬೇಕು. ಆಕೆ ಎತ್ತರದಿಂದ ಸುರಿಯುತ್ತಿದ್ದರು, ಚೊಂಬಿಗೆ ಹನಿಯೂ ಹಿಂದಕ್ಕೆ ಸಿಡಿಯಬಾರದು ನೋಡಿ. ಬಾಯಿಗೆ ಹೋದದ್ದು ಅರ್ಧ, ಮೊಣಕೈಯಲ್ಲಿ ಇಳಿದು ನೆಲಕ್ಕೆ ಹೋದದ್ದು ಅರ್ಧ. ಸಾಕು ಎನ್ನುವ ಮುಂಚೆಯೇ ಚೊಂಬು ಪಕ್ಕದವಳ ಬೊಗಸೆಗೆ ಹೋಗಿರುತ್ತಿತ್ತು.

ಒಂದು ಸಲ ಚಿಕ್ಕಗೌರಮ್ಮ ಮನೆಯಿಂದ ಬಾಟ್ಲಿಯಲ್ಲಿ ನೀರು ತಂದಳು. ಮೇಸ್ತ್ರಿ ಅದನ್ನು ಕಿತ್ತುಕೊಂಡು ಬಾಗಿಲ ಹೊರಗಿಟ್ಟ. "ಕುಡಿದ್ರೆ ಏಳ್ತೀರ, ಎದ್ರೆ ಕೆಲ್ಸ ಕೆಡ್ತದೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಎದ್ದರೆ ಹೋಗುವುದಾದರೂ ಎಲ್ಲಿಗೆ? ಹಿತ್ತಲ ತುಂಬ ಗಂಡಸರು ಕಾಯಿ ಸುಲಿಯುತ್ತಿದ್ದರು. ಹೆಂಗಸರಿಗೆ ಒಂದು ಮರೆ ಇರಲಿಲ್ಲ. ಹಾಗಾಗಿ ಅವರೆಲ್ಲ ನೀರು ಕುಡಿಯದಿರುವುದನ್ನು ಕಲಿತರು. ಅದೂ ಒಂದು ಕಸುಬೇ. ಎಲೆ ಅಡಿಕೆ ಹಾಕಿಕೊಂಡು ಬಾಯಿ ಒದ್ದೆ ಮಾಡಿಕೊಳ್ಳುವುದು, ಸೊಂಟ ಸಿಡಿದರೆ ಅಂಗಡಿಯ ನೋವಿನ ಮಾತ್ರೆ ನುಂಗುವುದು, ಸಂಜೆ ಉರಿಯುವ ಹಳದಿ ಉಚ್ಚೆ ನೋಡಿ ಉಷ್ಣ ಎಂದು ಸುಮ್ಮನಾಗುವುದು.

ಎರಡೂ ಕಿಡ್ನಿ ಹೋಗಿವೆ ಎಂದು ತಿಳಿದ ದಿನ ಡಾಕ್ಟರು ಕೇಳಿದ್ದರು, "ನೀರು ಕಡಿಮೆ ಕುಡೀತಿದ್ರೇನಮ್ಮ?" ಚಿಕ್ಕಗೌರಮ್ಮ ನಕ್ಕುಬಿಟ್ಟಿದ್ದಳು. ಆಮೇಲೆ ಆಸ್ಪತ್ರೆಯ ಹೊರಗೆ ಕಲ್ಲಿನ ಮೇಲೆ ಕೂತು ಅತ್ತಿದ್ದಳು. ಈಗ ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಆಗ ಸುರಿಯುವವರು ಸುರಿಯಲಿಲ್ಲ. ಈಗ ಮೈಯೇ ಬೇಡ ಅನ್ನುತ್ತದೆ.

ಗಂಡ ಇಲ್ಲ. ಮಕ್ಕಳಾಗಲಿಲ್ಲ. ಅವಳಿಗಿದ್ದದ್ದು ಕಾಲು. ಕಾಲೋನಿಯಿಂದ ತುರುವೇಕೆರೆ ರಸ್ತೆಯ ಬಸ್ಸಿನವರೆಗೆ ಒಂದೂವರೆ ಮೈಲಿ. ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ ಅಷ್ಟು ನಡೆದರೆ ಡಯಾಲಿಸಿಸ್, ಡಯಾಲಿಸಿಸ್ ಆದರೆ ಉಸಿರು. ಕಾಲು ಹೋದ ದಿನ ಉಸಿರೂ ಹೋಗುತ್ತದೆ. ಈ ಲೆಕ್ಕ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೇ ವರ್ಷಕ್ಕೆ ತೊಡೆಗಳು ಒಣಗಿ ಕೋಲಾಗಿದ್ದವು. ಮಿಷಿನ್ನಿನಿಂದ ಇಳಿದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದಳು.

ಆಗ ಡಾಕ್ಟರ್ ಯೋಗಿತಾ ಬಂದದ್ದು. ಸಣ್ಣ ವಯಸ್ಸಿನ ಹೆಣ್ಣುಮಗಳು, ಹದಿನೈದು ದಿನಕ್ಕೊಮ್ಮೆ ತುಮಕೂರಿನಿಂದ ಬರುತ್ತಿದ್ದಳು. ಬೆಡ್ಡಿನ ಅಂಚಿನಲ್ಲಿ ಕೂತು ಮಾತಾಡುತ್ತಿದ್ದ ಮೊದಲನೇ ಡಾಕ್ಟರು. ಚಿಕ್ಕಗೌರಮ್ಮನ ತೊಡೆ ಹಿಸುಕಿ ನೋಡಿ, ಮುಂದಿನ ಸಲ ತನ್ನ ಮನೆಯಿಂದಲೇ ಒಂದು ಹಳೇ ಪೆಡಲು ತಂದಳು. ಸೈಕಲ್ಲಿನದೇ ಪೆಡಲು, ಚಕ್ರವಿಲ್ಲ. ಬೆಡ್ಡಿನ ಕಾಲ ಕಡೆ ಕಟ್ಟಿದರೆ ಮಲಗಿದಲ್ಲೇ ತುಳಿಯಬಹುದು.

"ನೋಡಮ್ಮ," ಎಂದಿದ್ದಳು, "ಮಿಷಿನ್ ಮೇಲಿದ್ದಾಗ ಮೈ ತಾನಾಗೇ ಸ್ವಲ್ಪ ಬಿಸಿ ಆಗುತ್ತೆ. ಕಾಲು ತುಳಿದ್ರೆ ಇನ್ನೂ ಬಿಸಿ. ಆ ಬಿಸಿ ಹೊರಗೆ ಹೋಗೋಕೆ ಅಂತ ಮೈಯಲ್ಲಿರೋ ರಕ್ತನಾಳ ಎಲ್ಲಾ ಸಡಿಲ ಆಗ್ತವೆ, ಬಿಪಿ ಬೀಳುತ್ತೆ. ಅದಕ್ಕೆ ಮಿಷಿನ್ ನೀರನ್ನ ತಣ್ಣಗೆ ಇಡಬೇಕು. ನಿಮಗೆ ಮೂವತ್ತೈದೂವರೆ. ಮೊದಲನೇ ಎರಡು ಗಂಟೆ ಒಳಗೆ ನಿಧಾನಕ್ಕೆ ತುಳೀರಿ. ಕೊನೇ ಗಂಟೆ ಮಾತ್ರ ತುಳೀಬೇಡಿ, ಅಷ್ಟು ಹೊತ್ತಿಗೆ ಮೈಯಲ್ಲಿ ನೀರು ಇಳಿದಿರುತ್ತೆ. ಚಳಿ ಆದ್ರೆ ಕಂಬಳಿ ಕೇಳಿ."

ಐದು ವಾರ ಹಾಗೇ ನಡೆಯಿತು. ಅನಿತಾ ಬಟನ್ ಒತ್ತಿ ಮೂವತ್ತೈದೂವರೆಗೆ ಇಳಿಸುತ್ತಿದ್ದಳು. ಚಿಕ್ಕಗೌರಮ್ಮ ತುಳಿಯುತ್ತಿದ್ದಳು. ಮೊದಲು ಐದು ನಿಮಿಷ, ಆಮೇಲೆ ಹತ್ತು, ಆಮೇಲೆ ಅರ್ಧ ಗಂಟೆ. ಹಲ್ಲು ಸಣ್ಣಗೆ ಕಟಕಟ ಎನ್ನುತ್ತಿತ್ತು, ಕಾಲು ಮಾತ್ರ ಬೆಚ್ಚಗಿರುತ್ತಿತ್ತು. ಆರನೇ ವಾರ ಅವಳು ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಿದಳು. ಕಂಡಕ್ಟರು ಅವಳ ಮುಖ ನೋಡಿ, "ಏನಮ್ಮೋ, ಮದುವೆಗೆ ಹೊಂಟಂಗಿದೀಯ" ಎಂದು ರೇಗಿಸಿದ. ಬಹಳ ದಿನದ ಮೇಲೆ ಅವಳಿಗೆ ತನ್ನ ಕಾಲಿನ ಮೇಲೆ ಪ್ರೀತಿ ಬಂತು.

ಅದು ಜ್ಞಾನೇಶನ ಕಿವಿಗೆ ಬಿತ್ತು. ಅವನು ಅದನ್ನು ಬಸವರಾಜಪ್ಪನವರ ಕಿವಿಗೆ ಹಾಕಿದ. ಬಸವರಾಜಪ್ಪನವರಿಗೆ ತೀರಿಕೊಂಡ ತಾಯಿಯ ಹೆಸರಿನಲ್ಲಿ ಏನಾದರೂ ಧರ್ಮಕಾರ್ಯ ಮಾಡಬೇಕಿತ್ತು. ಆರು ಹೊಸ ಸೈಕಲ್ ಪೆಡಲು ಬಂದವು. ಹೊಳೆಯುವ ಹಸಿರು ಬಣ್ಣ. ಒಂದೊಂದರ ಮೇಲೂ ಹಿತ್ತಾಳೆ ತಗಡು, ಅದರಲ್ಲಿ ಬರಹ. ಅನಿತಾ ಓದಿ ಹೇಳಿದಳು, "ಮಾತೃಶ್ರೀ ಸಿದ್ದಗಂಗಮ್ಮನವರ ಸ್ಮರಣಾರ್ಥ."

ಚಿಕ್ಕಗೌರಮ್ಮ ಇನ್ನೊಂದು ಸಲ ಓದಿಸಿದಳು.

ಡಾಕ್ಟರ ಹಳೇ ಪೆಡಲು ಸ್ಟೋರ್ ರೂಮಿಗೆ ಹೋಯಿತು. ಅದೇ ವಾರ ಕಂಬಳಿಯ ಜಗಳವೂ ಎದ್ದು ಮಿಷಿನ್ನುಗಳೆಲ್ಲ ಮೂವತ್ತೇಳಕ್ಕೆ ಏರಿದವು. ಸೈಕಲ್ಲು ಕೊಟ್ಟರು, ಅದನ್ನು ತುಳಿಯಲು ಬೇಕಾದ ತಂಪು ಕಿತ್ತುಕೊಂಡರು. ಹಿಂದಿನ ಶುಕ್ರವಾರ ಆ ಬಿಸಿಯಲ್ಲೇ ತುಳಿದು ಚಿಕ್ಕಗೌರಮ್ಮ ಪ್ರಜ್ಞೆ ತಪ್ಪಿದ್ದಳು. ಎಚ್ಚರವಾದಾಗ ಅನಿತಾ ಅವಳ ಕಾಲೆತ್ತಿ ಹಿಡಿದು ನಿಂತಿದ್ದಳು, ಕಣ್ಣಲ್ಲಿ ನೀರಿತ್ತು. ಡಾಕ್ಟರ್ ಯೋಗಿತಾ ಬರುವ ಸರದಿ ಇನ್ನೂ ದೂರವಿತ್ತು.

ಈ ಶುಕ್ರವಾರ ಆ ಪೆಡಲುಗಳ ಸಮಾರಂಭ. ಹತ್ತು ಗಂಟೆಗೆ ಬರುತ್ತೇವೆ ಎಂದವರು ಹನ್ನೆರಡಾದರೂ ಬರಲಿಲ್ಲ. ಕರೆಂಟು ಹೋಗಿ ಜನರೇಟರು ಶುರುವಾಯಿತು. ಮಿಷಿನ್ನುಗಳಿಗೆ, ಮುಂದಿನ ಹಾಲಿಗೆ ಮಾತ್ರ ಜನರೇಟರು. ಹಿಂದಿನ ಹಾಲಿನ ಫ್ಯಾನು ನಿಂತಿತು.

ಐದನೇ ಬೆಡ್ಡಿನಲ್ಲಿ ಹುಚ್ಚಣ್ಣ ಇದ್ದ. ಬಿಳಿಗೆರೆ ಕಡೆಯ ಮುದುಕ, ಐವತ್ತು ವರ್ಷ ತೆಂಗಿನ ಮರ ಹತ್ತಿ ಕಾಯಿ ಕಿತ್ತವನು. ಪಾದದ ಅಡಿಯಲ್ಲಿ ಇನ್ನೂ ತೊಗಟೆಯಂಥ ಚರ್ಮ. ಬಸವರಾಜಪ್ಪನವರ ತೋಟದಲ್ಲೂ ಹತ್ತಿದ್ದ. ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ ಹೇಳಿದ, "ಯಜಮಾನ್ರು ಬತ್ತಾರೆ, ತುಳ್ದು ತೋರ್ಸ್‌ಬೇಕಂತೆ ಕಣಮ್ಮಿ."

"ಕೊನೇ ಗಂಟೇಲಿ ತುಳೀಬಾರ್ದು ಕಣಣ್ಣ. ನೀನೂ ಬ್ಯಾಡ."

"ಅಷ್ಟು ದೊಡ್ಡೋರು ಬತ್ತಾರೆ. ಎರಡು ಸುತ್ತು ತುಳುದ್ರೆ ಏನು ಸವೆದೋಯ್ತದಾ?"

ಒಂದು ಗಂಟೆ ಹತ್ತು ನಿಮಿಷಕ್ಕೆ ಕಾರುಗಳು ಬಂದವು. ಹಿಂದಿನ ಹಾಲಿಗೆ ಒಮ್ಮೆಗೇ ಸೆಂಟು, ಮಲ್ಲಿಗೆ, ಇಸ್ತ್ರಿ ಬಟ್ಟೆಯ ವಾಸನೆ ನುಗ್ಗಿತು. ಬಸವರಾಜಪ್ಪನವರು ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ. ಹಿಂದೆ ಫೋಟೋದವನು. ಅವನ ಹಿಂದೆ ಇಬ್ಬರು ಆಳುಗಳು ಎಳನೀರಿನ ಗೊನೆ ಹೊತ್ತು ತಂದು ಮೂಲೆಯಲ್ಲಿ ಇಳಿಸಿದರು. ಬೆಡ್ಡಿಗೊಂದರಂತೆ ಹಸಿರು ಪೆಡಲು ಕಟ್ಟಿತ್ತು. ಜ್ಞಾನೇಶ ಕೈಮುಗಿದು, ಬಗ್ಗಿ, ಮುಂದೆ ಮುಂದೆ ಓಡುತ್ತಿದ್ದ.

"ಎಲ್ರೂ ತುಳೀರಪ್ಪ, ಫೋಟೋ ತಗೀತಾರೆ. ಹ್ಞೂಂ, ಹ್ಞೂಂ. ಗೌರಮ್ಮ, ನೀನು ಶುರು ಮಾಡು. ಸಾರ್, ಇವ್ಳೇ ಸಾರ್ ನಾನು ಹೇಳಿದ್ದು. ಸೈಕಲ್ ತುಳಿದೂ ತುಳಿದೂ ಕುದುರೆ ಥರ ಆಗಿದಾಳೆ."

ಬಸವರಾಜಪ್ಪನವರು ಬಗ್ಗಿ ನೋಡಿದರು. "ಗೌರಿ ಅಲ್ವೇನೇ ನೀನು? ನಮ್ಮನೆ ಆಳು! ಇಲ್ಲಿದೀಯಾ? ಅಯ್ಯೋ ಪಾಪ. ತುಳಿಯಮ್ಮ, ತುಳಿ. ನಮ್ಮವ್ವನ ಹೆಸರಲ್ಲಿ ಕೊಡ್ಸಿದೀನಿ."

ಹುಚ್ಚಣ್ಣ ಆಗಲೇ ತುಳಿಯಲು ಶುರು ಮಾಡಿದ್ದ. ಮಲಗಿದಲ್ಲೇ ಎರಡೂ ಕೈ ಮುಗಿಯಲು ಹೋಗಿ, ಸೂಜಿಯ ಕೈ ಏಳದೆ, ಒಂದೇ ಕೈಯನ್ನು ಹಣೆಗೆ ಮುಟ್ಟಿಸಿದ.

ಚಿಕ್ಕಗೌರಮ್ಮ ಪೆಡಲಿನ ಮೇಲಿಂದ ಎರಡೂ ಕಾಲು ತೆಗೆದಳು. ಮಡಿಸಿ ಹೊಟ್ಟೆಯ ಕಡೆಗೆ ಎಳೆದುಕೊಂಡಳು.

"ತುಳಿಯಕ್ಕಿಲ್ಲ."

ಫೋಟೋದವನು ಕ್ಯಾಮೆರಾ ಇಳಿಸಿದ.

"ಏನಂದೆ?" ಜ್ಞಾನೇಶನ ನಗು ಹಾಗೇ ಮುಖದ ಮೇಲೆ ನಿಂತಿತ್ತು.

"ತುಳಿಯಕ್ಕಿಲ್ಲ ಅಂದೆ. ಮಿಷಿನ್ನು ಬಿಸಿ ಐತೆ. ಏಳು ಐತೆ ನೋಡಿ. ಐದೂವರೆ ಇರ್ಬೇಕು, ಡಾಕ್ಟ್ರಮ್ಮ ಬರೆದವ್ರೆ. ಬಿಸಿ ಮೇಲೆ ತುಳುದ್ರೆ ಬಿಪಿ ಬಿದ್ದೋಯ್ತದೆ. ಹೋದ ಶುಕ್ರವಾರ ಸತ್ತು ಬದುಕ್ದೆ. ಮೊದ್ಲು ಬಿಸಿ ಇಳುಸ್ರಿ. ಕಂಬ್ಳಿ ಕೊಡ್ರಿ. ಹೊತ್ತಿಗೆ ಸರ್ಯಾಗಿ ಬನ್ನಿ. ಆಮೇಲೆ ನಿಮ್ಮ ಸೈಕಲ್ಲು ತುಳೀತೀನಿ."

"ಇವ್ಳು ಸ್ವಲ್ಪ ಹಂಗೇ ಸಾರ್, ತಲೆ..." ಎಂದು ಜ್ಞಾನೇಶ ಹಣೆಯ ಪಕ್ಕದಲ್ಲಿ ಬೆರಳು ತಿರುವಿದ.

ಬಸವರಾಜಪ್ಪನವರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಅವರು ಕರುಣೆ ತೋರಿದರು. "ಬೈಬೇಡ್ರೀ ಪಾಪ. ಬಿಸಿ ಬಿಸಿ ಅಂತಾಳೆ, ಉಷ್ಣ ಆಗೈತೆ ಅಷ್ಟೇ. ನಮ್ಮ ಸೀಮೇಲಿ ಹುಟ್ಟಿ ಉಷ್ಣಕ್ಕೆ ಮದ್ದು ಗೊತ್ತಿಲ್ವಾ? ಲೇ, ಎಲ್ರಿಗೂ ಒಂದೊಂದು ಎಳ್ನೀರು ಕೆತ್ತಿ ಕೊಡ್ರೋ. ಇವ್ಳಿಗೆ ಮೊದ್ಲು."

ಮಚ್ಚು ಮೂರು ಏಟು ಬಿತ್ತು. ಬಸವರಾಜಪ್ಪನವರು ತಮ್ಮ ಕೈಯಾರೆ ಎಳನೀರನ್ನು ಅವಳ ಬಲಗೈಗೆ ಇಟ್ಟರು. ಫೋಟೋದವನು ಮುಂದೆ ಬಂದ.

ಅದು ತಣ್ಣಗಿತ್ತು. ಬೆಳಗಿನ ಜಾವ ಇಳಿಸಿದ ಕಾಯಿ ಇರಬೇಕು. ಬಾಯಿಯ ಹತ್ತಿರ ತಂದರೆ ಎಳೇ ತಿರುಳಿನ ಸಿಹಿ ವಾಸನೆ. ಚಿಕ್ಕಗೌರಮ್ಮನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮೂರು ವರ್ಷವಾಗಿತ್ತು ಅವಳು ಎಳನೀರು ಕುಡಿದು. ಕಿಡ್ನಿ ಹೋದದ್ದು ತಿಳಿದ ದಿನವೇ ಡಾಕ್ಟರು ಹೇಳಿದ್ದರು. ಕಿಡ್ನಿ ಹೋದವರಿಗೆ ಎಳನೀರು ವಿಷ, ಅದರಲ್ಲಿರುವ ಉಪ್ಪು ಹೊರಗೆ ಹೋಗದೆ ರಕ್ತದಲ್ಲೇ ಉಳಿದು ಎದೆ ನಿಲ್ಲಿಸುತ್ತದೆ ಎಂದು. ಅದು ಗೊತ್ತಿದ್ದ ಜ್ಞಾನೇಶ ಈಗ ಗೋಡೆ ನೋಡುತ್ತಿದ್ದ. ಅದು ಗೊತ್ತಿದ್ದ ಅನಿತಾ ತುಟಿ ಕಚ್ಚಿಕೊಂಡಿದ್ದಳು.

ಕುಡಿಯಬೇಕು ಅನ್ನಿಸಿತು. ಇದನ್ನು ಮುಚ್ಚಿಡುವುದೇಕೆ? ಪ್ರಾಣ ಹೋದರೂ ಸರಿ, ಒಂದು ಸಲ ಗಟಗಟನೆ ಕುಡಿದುಬಿಡಬೇಕು ಅನ್ನಿಸಿತು. ಇಪ್ಪತ್ತೆರಡು ವರ್ಷದ ದಾಹ ಒಟ್ಟಿಗೆ ಗಂಟಲಿಗೆ ಬಂದು ನಿಂತಿತ್ತು. ಅಂದು ಈ ಮನೆಯವರು ಇದರ ಕಾಲು ಭಾಗದಷ್ಟು ನೀರನ್ನು ಕೈಗೆ ಕೊಟ್ಟಿದ್ದರೆ ಇವತ್ತು ಈ ಬೆಡ್ಡೇ ಬೇಕಿರಲಿಲ್ಲ.

ಅವಳು ಬಲಗೈಯನ್ನು ಬೆಡ್ಡಿನಿಂದ ಆಚೆಗೆ ಚಾಚಿದಳು. ಆದಷ್ಟು ಎತ್ತರಕ್ಕೆ ಎತ್ತಿದಳು. ಎಳನೀರನ್ನು ಬಗ್ಗಿಸಿದಳು. ನೀರು ಎತ್ತರದಿಂದ ಬಿತ್ತು. ನೆಲಕ್ಕೆ ಬಿದ್ದು ಸಿಡಿದು ಬಿಳಿ ಪಂಚೆಯ ಅಂಚು ಒದ್ದೆಯಾಯಿತು. ಕೊನೆಯ ಹನಿ ಬೀಳುವವರೆಗೂ ಅವಳು ಕೈ ಇಳಿಸಲಿಲ್ಲ.

"ನಿಮ್ಮವ್ವ ಹಿಂಗೇ ಸುರೀತಿದ್ರು ಯಜಮಾನ್ರೇ," ಎಂದಳು. "ನಾವು ಬೊಗ್ಸೆ ಹಿಡೀತಿದ್ವಿ. ಅರ್ಧ ನೆಲುಕ್ಕೇ ಹೋಗ್ತಿತ್ತು. ಬಾಟ್ಲಿ ತಂದ್ರೆ ಕಿತ್ತಿಕ್ತಿದ್ರಿ. ಉಚ್ಚೆಗೆ ಹೋಗಾಕೆ ಒಂದು ಮರೆ ಕಟ್ಟುಸ್ಲಿಲ್ಲ. ಅಲ್ಲಿ ಸುಟ್ಟ ಕಿಡ್ನಿ ಇದು. ಈಗ ಅವರ ಹೆಸರ್ನ ತುಳಿ ಅಂತೀರ. ತುಳುದ್ರೂ ತಪ್ಪು, ತುಳೀದಿದ್ರೂ ತಪ್ಪು. ಅಂಗೇ ಅಲ್ವಾ ನಮ್ಮ ಬಾಳು?"

"ಏಯ್! ನಾಲಿಗೆ ಬಿಗಿ ಹಿಡಿ!" ಎಂದ ಜ್ಞಾನೇಶ.

ಆಗ ಅನಿತಾ ಬಾಯಿ ಬಿಟ್ಟಳು. "ಇವ್ರ್ಯಾರೂ ಎಳನೀರು ಕುಡಿಯಂಗಿಲ್ಲ ಸಾರ್. ಕುಡಿದ್ರೆ ಹಾರ್ಟ್ ನಿಂತೋಗುತ್ತೆ. ಯಾರಿಗೂ ಕೊಡ್ಬೇಡಿ." ಹೇಳುತ್ತಲೇ ಎರಡನೇ ಬೆಡ್ಡಿನವಳ ಕೈಯಿಂದ ಒಂದನ್ನು ಕಿತ್ತುಕೊಂಡಳು.

ಅಷ್ಟರಲ್ಲಿ ಐದನೇ ಮಿಷಿನ್ನು ಕೂಗಿಕೊಂಡಿತು. ಹುಚ್ಚಣ್ಣನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಕಾಲು ಮಾತ್ರ ಇನ್ನೂ ಅರ್ಧ ಸುತ್ತು ತುಳಿಯಿತು, ಆಮೇಲೆ ನಿಂತಿತು. ಅನಿತಾ ಓಡಿಹೋಗಿ ತಲೆ ತಗ್ಗಿಸಿ, ಕಾಲೆತ್ತಿ, ಸಲೈನು ಬಿಟ್ಟಳು. ಹತ್ತು ನಿಮಿಷಕ್ಕೆ ಮುದುಕನಿಗೆ ಎಚ್ಚರವಾಯಿತು. ಅಷ್ಟರೊಳಗೆ ಹಾಲು ಖಾಲಿಯಾಗಿತ್ತು. ಅತಿಥಿಗಳು ಎಸಿ ಇದ್ದ ಮುಂದಿನ ಹಾಲಿಗೆ ಹೋಗಿದ್ದರು. ಒಂದು ಹಸಿರು ಪೆಡಲು ಮುಂದಿನ ಹಾಲಿಗೆ ಹೋಯಿತು. ಅಲ್ಲಿ ಖಾಲಿ ಬೆಡ್ಡಿನ ಮೇಲೆ ಸೆಂಟರಿನ ಡ್ರೈವರನ್ನು ಮಲಗಿಸಿ, ಕೈಗೊಂದು ನಳಿಕೆ ಅಂಟಿಸಿ, ಕಂಬಳಿ ಹೊದಿಸಿ ತುಳಿಸಿದರು. ಮಾರನೇ ದಿನ ಪೇಪರಿನಲ್ಲಿ ಬಂತು, ಬಡ ರೋಗಿಗಳ ಮುಖದಲ್ಲಿ ಮಂದಹಾಸ ಎಂದು. ಡ್ರೈವರು ಚೆನ್ನಾಗಿ ನಕ್ಕಿದ್ದ.

ಸಂಜೆ ಬಸ್ ಸ್ಟಾಪಿನಲ್ಲಿ ಹುಚ್ಚಣ್ಣ ಕೂತಿದ್ದ. ಪಕ್ಕದಲ್ಲಿ ಚೀಲ, ಚೀಲದಲ್ಲಿ ಎಳನೀರು. ಬಸವರಾಜಪ್ಪನವರ ಆಳುಗಳು ಮಿಕ್ಕಿದ್ದನ್ನೆಲ್ಲ ಅವನಿಗೇ ಕೊಟ್ಟಿದ್ದರು. ಹೇಳಿದ ಮಾತು ಕೇಳಿ ತುಳಿದವನಲ್ಲವೆ?

"ಕುಡೀಬ್ಯಾಡ ಕಣಣ್ಣ. ಅನಿತಮ್ಮ ಹೇಳಿದ್ದು ಕೇಳ್ಳಿಲ್ವಾ?"

ಹುಚ್ಚಣ್ಣ ಬೊಚ್ಚು ಬಾಯಿ ತೆಗೆದು ನಕ್ಕ. "ಐವತ್ತು ವರ್ಷ ಮರ ಹತ್ತೀನಿ. ಬಿಸ್ಲಾಗೆ ಹತ್ತಿ ಇಳುದ್ರೆ ಮರದ ಬುಡದಾಗೆ ಇದೇ ನನ್ ಉಳ್ಸಿದ್ದು. ಹೆತ್ತ ತಾಯಿ ವಿಷ ಇಕ್ಕಿದ್ರೂ ಇಕ್ಕಾಳು, ತೆಂಗಿನ ಮರ ಇಕ್ಕಕ್ಕಿಲ್ಲ. ಮೈ ಕೆಂಡ ಆಗೈತೆ ಕಣಮ್ಮಿ. ಹೋಗು, ನಿನ್ ಬಸ್ಸು ಬಂತು."

ಚೀಲಕ್ಕೆ ಕೈ ಹಾಕಿ ಕಿತ್ತುಕೊಳ್ಳಬೇಕಿತ್ತು ಎಂದು ಆಮೇಲೆ ಅವಳಿಗೆ ಅನ್ನಿಸಿದ್ದುಂಟು. ಕೈಯಲ್ಲಿ ಬಲವಿರಲಿಲ್ಲ. ಬಸ್ಸು ಹತ್ತಿದಳು.

ಮಂಗಳವಾರ ಬೆಳಿಗ್ಗೆ ಅವಳು ಸೆಂಟರಿಗೆ ಬಂದಾಗ ಕಾಲು ಊದಿತ್ತು, ಉಸಿರು ಬಿಗಿಯುತ್ತಿತ್ತು. ನಾಲ್ಕು ದಿನದ ವಿಷ ಮೈ ತುಂಬ ಇತ್ತು. ಹಿಂದಿನ ಹಾಲಿನ ಬಾಗಿಲಲ್ಲಿ ಬಿಳಿ ಬೋರ್ಡು. ಬೆಡ್ಡಿನ ನಂಬರು, ಪಕ್ಕದಲ್ಲಿ ಹೆಸರು. ಹೆಸರು ಓದಲು ಬರದಿದ್ದರೂ ಆರರ ಮುಂದೆ ಇರುವ ತನ್ನ ಹೆಸರಿನ ಆಕಾರ ಅವಳಿಗೆ ಗೊತ್ತಿತ್ತು. ಆರರ ಮುಂದೆ ಬೇರೆ ಯಾವುದೋ ಆಕಾರ ಇತ್ತು. ಐದರ ಮುಂದೆ ಏನೂ ಇರಲಿಲ್ಲ. ಒರೆಸಿದ ಕಲೆ ಮಾತ್ರ.

ಜ್ಞಾನೇಶ ಕುರ್ಚಿಯಿಂದ ಏಳದೆ ಹೇಳಿದ. "ಬೆಡ್ ಖಾಲಿ ಇಲ್ಲಮ್ಮ. ತುಮಕೂರಿಗೆ ಚೀಟಿ ಬರ್ಕೊಡ್ತೀನಿ, ಅಲ್ಲಿಗೆ ಹೋಗು. ಅಲ್ಲಿ ಎಷ್ಟು ಬೇಕಾದ್ರೂ ತಣ್ಣಗೆ ಮಾಡಿಸ್ಕೊ."

"ಐದನೇದು ಖಾಲಿ ಐತಲ್ಲ. ಹುಚ್ಚಣ್ಣ ಎಲ್ಲಿ?"

ಅವನು ಮೊಬೈಲು ನೋಡಿದ. ಉತ್ತರ ಹೇಳಿದ್ದು ಅನಿತಾ, ಔಷಧಿಯ ಟ್ರಾಲಿಯ ಹಿಂದಿನಿಂದ. "ಭಾನುವಾರ ಬೆಳಿಗ್ಗೆ ಹೋಗ್ಬುಟ್ರು ಅಕ್ಕ. ಮಲಗಿದ್ದಲ್ಲೇ. ಮಂಚದ ಕೆಳಗೆ ಐದು ಎಳ್ನೀರು ಬುರುಡೆ ಬಿದ್ದಿದ್ವಂತೆ."

ಇಬ್ಬರ ಹೆಸರನ್ನೂ ಒಂದೇ ಬಟ್ಟೆಯಲ್ಲಿ ಒರೆಸಿದ್ದರು. ಎಳನೀರು ಕುಡಿದವನದೂ, ಚೆಲ್ಲಿದವಳದೂ.

ಚಿಕ್ಕಗೌರಮ್ಮ ಚೀಟಿ ಇಸಕೊಳ್ಳಲಿಲ್ಲ. ಹಾಲಿನ ಒಳಗೆ ಬಂದಳು. ಐದನೇ ಬೆಡ್ಡಿನ ಮುಂದೆ, ನೆಲದ ಮೇಲೆ, ಕುಕ್ಕರಗಾಲಲ್ಲಿ ಕೂತಳು. ಇಪ್ಪತ್ತೆರಡು ವರ್ಷ ಕೂತ ಹಾಗೆಯೇ ಕೂತಳು. ಊದಿದ ಕಾಲು ಬಿರಿಯುವಂತೆ ನೋಯುತ್ತಿತ್ತು.

"ಇದೇನು ನಾಟ್ಕ? ಎದ್ದೇಳು!"

"ಏಳಕ್ಕಿಲ್ಲ."

"ಸೆಕ್ಯೂರಿಟಿ ಕರೀತೀನಿ."

"ಕರೀರಿ. ಎತ್ತಾಕೊಂಡು ಹೋಗ್ಲಿ. ದಾರೀಲಿ ಸಾಯ್ತೀನಿ. ಅದುನ್ನೂ ಫೋಟೋ ಹೊಡುಸ್ರಿ."

ಉಸಿರು ಎಳೆದುಕೊಳ್ಳಲು ಅವಳು ನಿಲ್ಲಿಸಿದಳು. ಎರಡನೇ ಬೆಡ್ಡಿನವಳು, ಆವತ್ತು ಕೈಯಿಂದ ಎಳನೀರು ಕಳೆದುಕೊಂಡವಳು, ಸೂಜಿಗೆಂದು ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮೊದ್ಲು ಅವ್ಳಿಗೆ ಹಾಕವ್ವ. ಆಮೇಲೆ ನಂಗೆ." ಮೂರನೆಯ ಬೆಡ್ಡಿನವನು ಎದ್ದು ಕೂತ. ಎಲ್ಲರ ಮೈಯಲ್ಲೂ ನಾಲ್ಕು ದಿನದ ವಿಷ ಇತ್ತು. ಯಾರೂ ಬಹಳ ಹೊತ್ತು ತಡೆಯಲಾರರು. ಅದು ಜ್ಞಾನೇಶನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಒಂದು ಗಂಟೆ ಹೋಯಿತು. ತಗಡು ಕಾಯಲು ಶುರುವಾಯಿತು. ಚಿಕ್ಕಗೌರಮ್ಮನ ತುಟಿ ನೀಲಿಗೆ ತಿರುಗಿತು. ಮುಂದಿನ ಹಾಲಿನಿಂದ ಇಬ್ಬರು ಬಂದು ಇಣುಕಿ, ಒಬ್ಬರು ವೀಡಿಯೋ ತೆಗೆಯಲು ಮೊಬೈಲು ಎತ್ತಿ ಹಿಡಿದರು. ಜ್ಞಾನೇಶ ಆ ಮೊಬೈಲು ನೋಡಿದ. ಗಡಿಯಾರ ನೋಡಿದ. ಎರಡು ಹೆಣ ಒಂದೇ ವಾರದಲ್ಲಿ ಬಿದ್ದರೆ ಟ್ರಸ್ಟಿನವರು ಯಾರನ್ನು ಕೇಳುತ್ತಾರೆ ಎಂದು ಯೋಚಿಸಿರಬೇಕು.

"ಹಾಳಾಗೋಗ್ಲಿ. ಐದನೇ ಬೆಡ್ ಹತ್ತು," ಎಂದ.

"ಹೆಸ್ರು ಬರೀರಿ ಮೊದ್ಲು."

"ಆಮೇಲೆ ಬರೀತಾರೆ ಹತ್ತು!"

"ಹುಚ್ಚಣ್ಣ ಸತ್ತ, ಒರೆಸಿದ್ರಿ. ನಾನಿನ್ನೂ ಬದುಕಿದೀನಿ. ಬರೀರಿ. ಪಕ್ದಾಗೆ ನಂಬ್ರೂ ಬರೀರಿ. ನಾಳೆ ಯಾರೂ ಅಳಿಸ್ದಂಗೆ ಬರೀರಿ."

ಅನಿತಾ ಜ್ಞಾನೇಶನ ಮುಖ ನೋಡಲಿಲ್ಲ. ಬೋರ್ಡಿನ ಪೆನ್ನನ್ನು ಬಿಟ್ಟು, ರಕ್ತದ ಶೀಶೆಗಳ ಮೇಲೆ ಬರೆಯುವ, ತೊಳೆದರೂ ಹೋಗದ ಕಪ್ಪು ಪೆನ್ನು ತೆಗೆದಳು. ಐದರ ಮುಂದೆ ಬರೆದಳು. ಆಮೇಲೆ ಮಿಷಿನ್ನಿನ ಹತ್ತಿರ ಬಂದು ಬಟನ್ ಒತ್ತಿದಳು. ಅಂಕಿ ಮೆಲ್ಲಗೆ ಇಳಿಯಿತು. ಗೋಡೆಯ ಬದಿಯ ಸ್ಟೋರ್ ರೂ‌ಮಿಗೆ ಹೋಗಿ ಒಂದು ಕಂಬಳಿ ತಂದು ಬೆಡ್ಡಿನ ಮೇಲೆ ಹಾಕಿದಳು.

ಚಿಕ್ಕಗೌರಮ್ಮ ಕೂತಲ್ಲಿಂದಲೇ ಬೋರ್ಡು ನೋಡಿದಳು. ಹೆಸರು ಓದಲು ಬರಲಿಲ್ಲ. ಪಕ್ಕದ ಅಂಕಿ ಓದಿದಳು. ಮೂವತ್ತೈದೂವರೆ. ಕತ್ತು ಹೊರಳಿಸಿ ಮಿಷಿನ್ನಿನದನ್ನೂ ಓದಿದಳು. ಎರಡೂ ಒಂದೇ ಇತ್ತು.

ಆಮೇಲೆ ಎದ್ದಳು. ಸತ್ತವನ ಬೆಡ್ಡು ಹತ್ತಿ ಎಡಗೈ ಚಾಚಿದಳು.